ಮಾರುತಿಯನ್ನು ಮಾರುವ ಮೊದಲು

ತಮ್ಮಾ, ನಿನ್ನೆ ಸಂಜೆ ಪಾರ್ವತಿ ಎಸ್ಟೇಟಿನ ಕಡೆಯಿಂದ ಬರುವಾಗ ನಿಮ್ಮ ಮನೆಯ ಮುಂದೆ ಇಬ್ಬರು ಅಪರಿಚಿತರು ಕಾರಿನ ಸುತ್ತ ತಿರುಗುತ್ತಿದ್ದುದನ್ನು ನೋಡಿದೆ. ಒಬ್ಬ ಬಗ್ಗಿ ಬಾಗಿಲ ಕೆಳಗಿನ ತಗಡನ್ನು ಬೆರಳಿನಿಂದ ಬಡಿದು ನೋಡುತ್ತಿದ್ದ. ಒಳಗೆ ಹೋಗಿ ಕೇಳಿದಾಗ ವೈನಿ ಹೇಳಿದರು: "ಎಂಜಿನ್ ಮುದುಕಾಗೇತಿ, ಪೆಟ್ರೋಲ್ ಭಾಳ ಕುಡಿತೈತಿ, ಕೊಟ್ಟ ಬಿಡ್ತೀನಿ ಅಂತಾನ."

ಕಾರು ನಿನ್ನದು, ಮಾರುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ನೀನು ಕೊಟ್ಟ ಕಾರಣಗಳು ಎರಡೂ ಸರಿಯಲ್ಲ. ಇಚಲಕರಂಜಿ, ಯಡ್ರಾವದ ಮಗ್ಗದ ಶೆಡ್ಡುಗಳಲ್ಲಿ ನಲವತ್ತು ವರ್ಷ ಮಗ್ಗ ರಿಪೇರಿಯ ಜಾಬರ್ ಆಗಿ ದುಡಿದವನು ನಾನು. ಯಂತ್ರ ಯಾವುದರಿಂದ ಸವೆಯುತ್ತದೆ, ಯಾವುದರಿಂದ ಉಳಿಯುತ್ತದೆ ಎಂಬುದು ನನ್ನ ಕೈಗೆ ಗೊತ್ತು. ಕಾಕಾ ಹೇಳುವುದನ್ನು ಒಮ್ಮೆ ಕೇಳಿಸಿಕೊಂಡು ಆಮೇಲೆ ಏನು ಬೇಕಾದರೂ ಮಾಡು.

1904ರಲ್ಲಿ ವಿಠ್ಠಲರಾವ್ ದಾತಾರರು ಇಚಲಕರಂಜಿಗೆ ಮೊದಲ ಪವರ್‌ಲೂಮ್ ತಂದರು. ಅದೇ ಜಾತಿಯ ಸಾದಾ ಮಗ್ಗಗಳು ಇವತ್ತಿಗೂ ನಮ್ಮೂರಲ್ಲಿ ಖಟಖಟ ಎನ್ನುತ್ತಿವೆ. ಈಗಿನ ಏರ್‌ಜೆಟ್ ಮಗ್ಗ ಅದರ ಹಲವು ಪಟ್ಟು ವೇಗದಲ್ಲಿ ನೇಯುತ್ತದೆ, ಬಟ್ಟೆಯೂ ಚೆಂದ. ಆದರೆ ಅದರ ಒಂದು ಕಾರ್ಡ್ ಕೆಟ್ಟರೆ ಇಂಜಿನಿಯರ್ ಬರುವ ತನಕ ಶೆಡ್ಡು ಸುಮ್ಮನಾಗುತ್ತದೆ. ಸಾದಾ ಮಗ್ಗದಲ್ಲಿ ಪಿಕರ್ ಸವೆದರೆ ಬದಲಿಸು, ಲಾಳಿ ಸೀಳಿದರೆ ಬದಲಿಸು, ಎಣ್ಣೆ ಹಾಕು, ಮತ್ತೆ ನಡೆಸು. ನಿನ್ನ ಅಪ್ಪ 1997ರಲ್ಲಿ ಕೊಂಡ ಈ ಮಾರುತಿಯ ಎಂಜಿನ್ನೂ ಇಂಥದೊಂದು ಸಾದಾ ಮಗ್ಗವೇ.

ಈ ಎಂಜಿನ್ನಿಗೆ ಸುಜುಕಿಯವರು ಇಟ್ಟ ಹೆಸರು ಎಫ್8ಬಿ. ಮೂರು ಸಿಲಿಂಡರ್, ಒಂದೊಂದರ ಬೋರು 68.5 ಮಿ.ಮೀ., ಸ್ಟ್ರೋಕು 72 ಮಿ.ಮೀ., ಒಟ್ಟು 796 ಸಿ.ಸಿ. ಸಿಲಿಂಡರಿಗೆ ಎರಡೇ ವಾಲ್ವು, ಮೇಲೆ ಒಂದೇ ಕ್ಯಾಮ್‌ಶಾಫ್ಟ್, ಪೆಟ್ರೋಲ್ ಬೆರೆಸಲು ಒಂದು ಕಾರ್ಬುರೇಟರ್. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗಿರಾಕಿಗೆ ಕೀಲಿಕೈ ಕೊಟ್ಟ ಕಾರಿನಲ್ಲಿದ್ದದ್ದು ಇದೇ. ನಡುವೆ 1986ರಲ್ಲಿ ಮೈಕಟ್ಟು ಬದಲಾಯಿತು, 2000ದ ಸುಮಾರಿಗೆ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಆದರೂ 2014ರ ಜನವರಿಯಲ್ಲಿ ಕಾರಿನ ತಯಾರಿಕೆ ನಿಲ್ಲುವವರೆಗೂ 796 ಸಿ.ಸಿ.ಯ ಆ ಮೂರು ಸಿಲಿಂಡರ್ ಉಳಿದವು. ಓಮ್ನಿಯಲ್ಲೂ ಅದೇ. ಪಾಕಿಸ್ತಾನದಲ್ಲಿ ಮೆಹ್ರಾನ್ ಎಂಬ ಕಾರಿನಲ್ಲಿ ಈ ಎಂಜಿನ್ 2019ರವರೆಗೂ ಹೊಸದಾಗಿ ಮಾರಾಟವಾಯಿತು. ಮೂವತ್ತು ನಲವತ್ತು ವರ್ಷ ಒಂದೇ ಎಂಜಿನ್ ಮಾಡುತ್ತ ಬಂದರೆ ಅದರ ಕುಂದುಕೊರತೆಯೆಲ್ಲ ಮೇಸ್ತ್ರಿಗಳಿಗೆ ಬಾಯಿಪಾಠವಾಗುತ್ತದೆ, ಬಿಡಿಭಾಗ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ.

ಇಷ್ಟು ವರ್ಷ ಅದು ಬಾಳುವುದೇಕೆ? ಅದರ ಪೂರ್ತಿ ಬಲವೇ ನಲವತ್ತು ಅಶ್ವಶಕ್ತಿಗಿಂತ ತುಸು ಕಡಿಮೆ. ಈಗ ಒಂದು ಲೀಟರಿನ ಟರ್ಬೊ ಎಂಜಿನ್ನಿನಿಂದ ನೂರು ಅಶ್ವಶಕ್ತಿ ಹಿಂಡುತ್ತಾರೆ. ಅಷ್ಟು ಹಿಂಡಿದಾಗ ಒಳಗಿನ ಬಿಸಿಯೂ ಒತ್ತಡವೂ ಹೆಚ್ಚು, ಆಗ ಎಣ್ಣೆ, ಬೇರಿಂಗು, ಗ್ಯಾಸ್ಕೆಟ್ ಎಲ್ಲವೂ ಮೇಲ್ದರ್ಜೆಯದೇ ಬೇಕು, ಹೊತ್ತಿಗೆ ಸರಿಯಾಗಿ ಬದಲಾಗಲೇಬೇಕು. ನಿನ್ನ ಕಾರು ತೂಗುವುದು ಸುಮಾರು 650 ಕಿಲೊ. ಜಯಸಿಂಗಪುರದ ಸಪಾಟು ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗಲು ಅದಕ್ಕೆ ಐದಾರು ಅಶ್ವಶಕ್ತಿ ಸಾಕು. ನಮ್ಮ ಅಜ್ಜನ ಬಾವಿಯ ಮೇಲೆ ಕಬ್ಬಿಗೆ ನೀರು ಎತ್ತುತ್ತಿದ್ದ ಕಿರ್ಲೋಸ್ಕರ್ ಡೀಸೆಲ್ ಎಂಜಿನ್ ಇತ್ತಲ್ಲ, ಐದು ಅಶ್ವಶಕ್ತಿಯದು, ಹೆಚ್ಚುಕಡಿಮೆ ಅಷ್ಟೇ ದುಡಿಮೆ. ಹಗಲಿಡೀ ದುಡಿದೂ ಅದು ದಣಿಯುತ್ತಿರಲಿಲ್ಲ. ಇದೇ ಕಾರನ್ನು ನೂರರ ವೇಗಕ್ಕೆ ಓಡಿಸು, ಎದುರುಗಾಳಿಯನ್ನು ತಳ್ಳಲಿಕ್ಕೇ ಬಲ ಖರ್ಚಾಗಿ ಹದಿನೈದರ ಹತ್ತಿರ ಅಶ್ವಶಕ್ತಿ ಬೇಕಾಗುತ್ತದೆ. ವೇಗ ಒಂದೂಮುಕ್ಕಾಲು ಪಟ್ಟೂ ಆಗಲಿಲ್ಲ, ದುಡಿಮೆ ಮೂರು ಪಟ್ಟಾಯಿತು. ಪೆಟ್ರೋಲ್ ಕುಡಿಯುವುದೂ ಎಂಜಿನ್ ಸವೆಯುವುದೂ ಅಲ್ಲಿ. ನಿನ್ನ ಅಪ್ಪನ ಕೈಯಲ್ಲಿ ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ನಿನ್ನ ಕೈಯಲ್ಲಿ ಹದಿಮೂರಕ್ಕೆ ಇಳಿದದ್ದು ಯಾಕೆ ಎಂದು ಕೇಳಿದೆಯಲ್ಲ, ಅರ್ಧ ಉತ್ತರ ಇದು.

ಇನ್ನರ್ಧ ಚೋಕ್‌ನಲ್ಲಿದೆ. ಮುಂಜಾನೆ ನೀನು ಗಾಡಿ ಚಾಲು ಮಾಡುವಾಗ ನೋಡಿದ್ದೇನೆ, ಚೋಕ್ ಎಳೆದವನು ಸೈಜಿಂಗ್ ಕಾರ್ಖಾನೆ ದಾಟುವವರೆಗೂ ಒಳಗೆ ತಳ್ಳುವುದಿಲ್ಲ. ಚೋಕ್ ಎಳೆದಿರುವಷ್ಟು ಹೊತ್ತು ಕಾರ್ಬುರೇಟರ್ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಎಣ್ಣೆಯಲ್ಲೇ ಬೆರೆಯುತ್ತದೆ. ಪಿಸ್ಟನ್ ರಿಂಗು ಒಣ ಲೋಹದ ಮೇಲೆ ಉಜ್ಜುತ್ತದೆ. ಚಾಲು ಮಾಡಿ ಅರ್ಧ ನಿಮಿಷ ಬಿಡು, ಚೋಕ್ ಅರ್ಧ ತಳ್ಳು, ನಿಧಾನವಾಗಿ ಹೊರಡು. ಓಣಿ ದಾಟುವಷ್ಟರಲ್ಲಿ ಪೂರ್ತಿ ಒಳಗೆ ಹೋಗಿರಬೇಕು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಹೊಸ ಚಿಕ್ಕ ಕಾರುಗಳು ಇದಕ್ಕಿಂತ ಹೆಚ್ಚು ಮೈಲೇಜ್ ಕೊಡುತ್ತವೆ, ಅದು ನಿಜ. ಇಂಜೆಕ್ಷನ್ ಇರುವ ಎಂಜಿನ್ ಪೆಟ್ರೋಲನ್ನು ತೂಗಿ ಕೊಟ್ಟಂತೆ ಕೊಡುತ್ತದೆ, ಹೊಗೆಯೂ ಕಡಿಮೆ. ಆದರೆ ನಿನ್ನ ಲೆಕ್ಕ ಮಾಡು. ತಿಂಗಳಿಗೆ ಐನೂರು ಕಿಲೋಮೀಟರ್ ಓಡಿಸುತ್ತೀ. ಸರಿಯಾಗಿ ಓಡಿಸಿದರೆ ಹಳೆಯದು ಲೀಟರಿಗೆ 16, ಹೊಸದು 21 ಎಂದು ಹಿಡಿ. ಏಳೂವರೆ ಲೀಟರ್ ಉಳಿಯುತ್ತದೆ. ಲೀಟರಿಗೆ 105 ರೂಪಾಯಿ ಎಂದರೂ ಎಂಟುನೂರು ರೂಪಾಯಿಯೊಳಗೆ. ನಾಲ್ಕು ಲಕ್ಷ ಸಾಲ ಮಾಡಿ ಐದು ವರ್ಷದಲ್ಲಿ ತೀರಿಸುವುದಾದರೆ ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ತಿಂಗಳ ಹಪ್ತೆ 8,300. ಎಂಟುನೂರು ಉಳಿಸಲು ಎಂಟು ಸಾವಿರ ಕೊಡುವುದು ಯಾವ ಉಳಿತಾಯ? ಹೊಸ ಕಾರಿನ ಆಸೆಯಿದ್ದರೆ ಆಸೆ ಎಂದೇ ಹೇಳು, ಅದರಲ್ಲಿ ತಪ್ಪಿಲ್ಲ. ಮೈಲೇಜಿನ ಹೆಸರು ಹೇಳಬೇಡ.

2019ರ ಆಗಸ್ಟಿನ ಮಹಾಪೂರ ನಿನಗೆ ನೆನಪಿರಬೇಕು, ಆಗ ನೀನು ಪುಣೆಯಲ್ಲಿ ಕಲಿಯುತ್ತಿದ್ದೆ. ಶಿರೋಲಿಯ ಹತ್ತಿರ ಹೆದ್ದಾರಿಯೇ ಮುಳುಗಿ ದಿನಗಟ್ಟಲೆ ದಾರಿ ಬಂದ್. ಶಿರೋಳ ತಾಲೂಕಿನಲ್ಲಿ ಕೃಷ್ಣೆ, ಪಂಚಗಂಗೆ ಎರಡೂ ಒಟ್ಟಿಗೆ ಏರಿದ್ದವು. ನಿನ್ನ ಅಪ್ಪ ಕುರುಂದವಾಡದ ಬೀಗರ ಮನೆಯಲ್ಲಿ ಕಾರು ಬಿಟ್ಟು ಜನರ ಜೊತೆ ಬೋಟಿನಲ್ಲಿ ಹೊರಬಂದಿದ್ದ. ನೀರು ಇಳಿದ ಮೇಲೆ ನಾವಿಬ್ಬರೂ ಹೋದಾಗ ಸೀಟಿನ ಮಟ್ಟದ ತನಕ ಕೆಸರು. ಪಕ್ಕದ ಮನೆಯ ಹುಡುಗ ತಮ್ಮ ಹೊಸ ಕಾರಿನ ಕೀಲಿ ತಿರುಗಿಸಿ ನೋಡಿದ. ಒಂದು ಸಲ ಢಬ್ ಎಂದಿತು, ಅಷ್ಟೇ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಅವರ ಕಾರಿಗೂ ಅದೇ ಆಯಿತು.

ನಿನ್ನ ಅಪ್ಪ ಕೀಲಿಗೆ ಕೈ ಹಾಕಿದಾಗ ನಾನು ಕೈ ಹಿಡಿದೆ. ಮೊದಲು ಬ್ಯಾಟರಿ ಬಿಚ್ಚಿದೆವು. ಮೂರೂ ಪ್ಲಗ್ ತೆಗೆದು ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ಎಂಜಿನ್ ತಿರುಗಿಸಿದೆವು. ಪ್ಲಗ್ಗಿನ ತೂತಿನಿಂದ ಕೆಂಪು ನೀರು ಚಿಮ್ಮಿತು. ಎಣ್ಣೆ ಇಳಿಸಿದರೆ ಹಾಲು ಹೆಚ್ಚಾದ ಚಹಾದ ಬಣ್ಣ. ಹೊಸ ಎಣ್ಣೆ ಹಾಕಿ ತಿರುಗಿಸಿ ಅದನ್ನೂ ಚೆಲ್ಲಿ ಮತ್ತೊಮ್ಮೆ ಹಾಕಿದೆವು. ಪೆಟ್ರೋಲ್ ಟಾಕಿ ಖಾಲಿ ಮಾಡಿ, ಕಾರ್ಬುರೇಟರ್ ಬಿಚ್ಚಿ ತೊಳೆದು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಸಿಲಿಗಿಟ್ಟೆವು. ಮೂರನೆಯ ದಿನ ಮಧ್ಯಾಹ್ನ ಗಾಡಿ ಚಾಲು ಆಯಿತು. ನಿನ್ನ ಅಪ್ಪ ಅಳುವುದನ್ನು ನಾನು ನೋಡಿದ್ದು ಬಹಳ ಕಡಿಮೆ, ಅವತ್ತು ನೋಡಿದೆ. ನದಿಯ ಊರಿನಲ್ಲಿ ಇರುವವರು ನಾವು, 2021ರಲ್ಲೂ ನೀರು ಬಂತು, ಮುಂದೆಯೂ ಬಂದೀತು. ಯಾವ ಕಾರಿಟ್ಟುಕೊಂಡರೂ ಇದೊಂದು ನೆನಪಿಡು: ಮುಳುಗಿದ ಗಾಡಿಗೆ ಕೀಲಿ ಹಾಕಬೇಡ.

ಇನ್ನು ಈ ಎಂಜಿನ್ ಕೇಳುವುದೇನು? ಬಹಳ ಕಡಿಮೆ ಕೇಳುತ್ತದೆ, ಆದರೆ ಅದನ್ನು ಹೊತ್ತಿಗೆ ಕೊಡಬೇಕು. ಐದು ಸಾವಿರ ಕಿಲೋಮೀಟರಿಗೆ, ಓಡಾಟ ಕಡಿಮೆಯಿದ್ದರೆ ಆರು ತಿಂಗಳಿಗೆ, ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಎಂದು ಅಪ್ಪನ ಡೈರಿಯಲ್ಲಿ ಹುಡುಕು. ಬರೆದಿಲ್ಲವಾದರೆ ಈಗಲೇ ಹಾಕಿಸಿಬಿಡು, ರಬ್ಬರಿಗೆ ಕಿಲೋಮೀಟರಷ್ಟೇ ಅಲ್ಲ, ವಯಸ್ಸೂ ಆಗುತ್ತದೆ.

ನಮ್ಮೂರಿಗೇ ಸೇರಿದ ಒಂದು ಕೇಡು ಇದೆ, ಬೇರೆ ಊರಿನ ಮೇಸ್ತ್ರಿಗೆ ಅದು ಹೊಳೆಯುವುದಿಲ್ಲ. ನೀನು ಕಾರು ನಿಲ್ಲಿಸುವುದು ಮಗ್ಗದ ಶೆಡ್ಡಿನ ಎಕ್ಸಾಸ್ಟ್ ಫ್ಯಾನಿನ ಎದುರು. ಆ ಗಾಳಿಯ ತುಂಬ ಹತ್ತಿಯ ನವಿರು. ಏರ್ ಫಿಲ್ಟರಿನಲ್ಲಿ ಅದು ಕಂಬಳಿಯಂತೆ ಕೂರುತ್ತದೆ. ಗಾಳಿ ಸಾಲದೆ ಪೆಟ್ರೋಲ್ ಪೂರ್ತಿ ಉರಿಯದೆ ಹೊಗೆ ಕಪ್ಪಾಗುತ್ತದೆ. ರೇಡಿಯೇಟರಿನ ರೆಕ್ಕೆಗಳ ನಡುವೆ ಕೂತರೆ ಇನ್ನೂ ಅಪಾಯ, ಎಂಜಿನ್ ಕಾಯುತ್ತದೆ. ಈ ಎಂಜಿನ್ನಿನ ತಲೆ ಅಲ್ಯೂಮಿನಿಯಂ, ಒಮ್ಮೆ ಅತಿಯಾಗಿ ಕಾದರೆ ಬಾಗಿಬಿಡುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. "ಎಂಜಿನ್ ಮುದುಕಾತು" ಎಂದು ಗುಜರಿಗೆ ಹೋದ ಮಾರುತಿಗಳಲ್ಲಿ ನಾನು ಬಿಚ್ಚಿ ನೋಡಿದವು ಬಹುಪಾಲು ಹೀಗೆ ಕಾದು ಸತ್ತವು, ಸವೆದು ಸತ್ತವಲ್ಲ. ಕಾರನ್ನು ಶೆಡ್ಡಿನ ಆಚೆ ಬದಿಗೆ ನಿಲ್ಲಿಸು. ಶಾಖದ ಮುಳ್ಳು ಏರಿದ್ದು ಕಂಡರೆ ಅಲ್ಲೇ ನಿಲ್ಲಿಸಿ ಬಂದ್ ಮಾಡು, "ಇನ್ನೇನು ಮನೆ ಬಂತು" ಎನ್ನಬೇಡ.

ಪೆಟ್ರೋಲಿನ ಮಾತೂ ಒಂದಿದೆ. 2023ರ ಫೆಬ್ರುವರಿಯಿಂದ ಪಂಪುಗಳಿಗೆ ಇ20 ಬರತೊಡಗಿತು, ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಶಿರೋಳ ತಾಲೂಕಿನ ಕಬ್ಬು ಬೆಳೆಯುವ ನಮಗೆ ಅದರಿಂದ ಒಳ್ಳೆಯದೇ, ನಾನು ಅದನ್ನು ದೂರುವುದಿಲ್ಲ. ಆದರೆ ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ಮೈಲೇಜು ನೂರಕ್ಕೆ ಆರೇಳರಷ್ಟು ಇಳಿದರೆ ಅದು ಎಂಜಿನ್ನಿನ ತಪ್ಪಲ್ಲ. 1997ರ ರಬ್ಬರ್ ಪೈಪು ಎಥನಾಲಿಗೆ ಮಾಡಿದ್ದಲ್ಲ, ಉಬ್ಬಿ ಬಿರುಕು ಬಿಡುತ್ತದೆ. ಟಾಕಿಯಿಂದ ಕಾರ್ಬುರೇಟರ್ ತನಕದ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಬದಲಿಸಲೇಬೇಕು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಎಥನಾಲ್ ನೀರನ್ನು ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟಾಕಿ ಅರ್ಧ ಖಾಲಿ ಬಿಡಬೇಡ.

ನಾನು ಈ ಕಾರನ್ನು ಮೆಚ್ಚುತ್ತೇನೆ ಎಂದು ಅದರ ಕೊರತೆ ಮುಚ್ಚಿಡುವುದಿಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಗಡು ತೆಳು. ಬರುವ ಮಾಘದಲ್ಲಿ ನಿನ್ನ ಮದುವೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಪುಣೆ-ಬೆಂಗಳೂರು ಹೆದ್ದಾರಿಗೆ ಇದನ್ನು ಇಳಿಸಬೇಡ. ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವುದಿದ್ದರೆ ರೈಲಿದೆ, ಬಸ್ಸಿದೆ. ಮುಂದೆ ಕೈ ಸಾಗಿದಾಗ ಹೆದ್ದಾರಿಗೆ ಯೋಗ್ಯವಾದ ಗಾಡಿ ಕೊಳ್ಳು, ಆಗ ನಾನೇ ಜೊತೆಗೆ ಬಂದು ಆರಿಸಿ ಕೊಡುತ್ತೇನೆ. ಈ ಮಾರುತಿ ಯಡ್ರಾವ, ಇಚಲಕರಂಜಿ, ಜಯಸಿಂಗಪುರ, ಹುಣ್ಣಿಮೆಗೆ ನರಸೋಬನ ವಾಡಿ, ಇಷ್ಟಕ್ಕೆ. ಆ ತಗಡು ಬಡಿದು ನೋಡುತ್ತಿದ್ದವನ ಬುದ್ಧಿ ಒಂದು ವಿಷಯದಲ್ಲಿ ಸರಿ: ಇಂಥ ಕಾರಿನಲ್ಲಿ ಎಂಜಿನ್ನಿಗಿಂತ ಮೊದಲು ಹೋಗುವುದು ತಳದ ತಗಡು. ಪೂರದ ಕೆಸರು ಸಂದಿಯಲ್ಲಿ ಉಳಿದಿದ್ದರೆ ತುಕ್ಕು ಒಳಗಿನಿಂದ ತಿನ್ನುತ್ತದೆ. ಗಾಡಿಯನ್ನು ಎತ್ತಿಸಿ ನೋಡೋಣ. ಸಸ್ಪೆನ್ಷನ್ ಕೂರುವ ಜಾಗದಲ್ಲಿ ತಗಡು ಪುಡಿಯಾಗಿದ್ದರೆ ನಾನೇ ಮಾರು ಎನ್ನುತ್ತೇನೆ.

ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಸುದ್ದಿ ಓದಿದ್ದೀಯಾ? 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕಡೆಯ ಟ್ಯಾಕ್ಸಿ 2023ರ ಅಕ್ಟೋಬರಿಗೆ ರಸ್ತೆ ಬಿಟ್ಟಿತು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ, ಅದಕ್ಕೇ ಬಿಟ್ಟದ್ದು, ಎಂಜಿನ್ ಮುದುಕಾಗಿ ಅಲ್ಲ. ಪದ್ಮಿನಿಯ ಎಂಜಿನ್ 1089 ಸಿ.ಸಿ., ಬೀಡಿನ ಬ್ಲಾಕು. ಬೋರು ಸವೆದರೆ ನಮ್ಮ ಕೊಲ್ಲಾಪುರದ ಉದ್ಯಮನಗರದಲ್ಲಿ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿ ಮತ್ತೆ ಓಡಿಸುತ್ತಿದ್ದರು. ನಾನು ಎಂಜಿನ್ ಕೆಲಸ ಕಲಿತದ್ದೇ ನಮ್ಮ ಮಾಲೀಕರ ಪದ್ಮಿನಿಯ ಮೇಲೆ. ಟ್ಯಾಕ್ಸಿಯಂತಲ್ಲ, ನಿನ್ನಂಥವರ ಖಾಸಗಿ ಕಾರಿಗೆ ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ಪಾಸಿಂಗ್. ನಿನ್ನದರ ಕಾಗದ ಯಾವಾಗ ಮುಗಿಯುತ್ತದೆ ನೋಡಿಕೊ, ಹಸಿರು ತೆರಿಗೆಯ ಪಾವತಿಯೂ ಜೊತೆಗಿರಲಿ.

ಆ ಇಬ್ಬರಿಗೆ ಒಂದು ವಾರ ತಡೆಯಲು ಹೇಳು. ರವಿವಾರ ಬೆಳಿಗ್ಗೆ ಆರಕ್ಕೆ ಬರುತ್ತೇನೆ, ಫೀಲರ್ ಗೇಜ್ ನನ್ನ ಹತ್ತಿರ ಇದೆ. ಶನಿವಾರ ರಾತ್ರಿಯ ಮೇಲೆ ಗಾಡಿ ಚಾಲು ಮಾಡಬೇಡ, ವಾಲ್ವಿನ ಸಂದು ನೋಡುವುದು ಎಂಜಿನ್ ತಣ್ಣಗಿರುವಾಗ. ಮೂರು ಲೀಟರ್ ಎಣ್ಣೆ, ಒಂದು ಫಿಲ್ಟರ್, ಮೂರು ಪ್ಲಗ್ ತಂದಿಡು. ವೈನಿಗೆ ಚಹಾ ಇಡಲು ಹೇಳು.