ಕ್ರೋಶಾ ಕಲಿಯೋಣ: ನಾನಿಯ ಮೂರು ಮೂಲೆಯ ಶಾಲು

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಊರು ಸಿರುಗುಪ್ಪ. ಆದರೆ ಕಾಲೇಜಿಗೆ ಬರುವುದು ಕುರುಗೋಡಿನಿಂದ, ನಾನಿಯ ಮನೆಯಿಂದ. ಬಳ್ಳಾರಿಗೆ ಚಳಿಗಾಲವೇ ಇಲ್ಲ ಎನ್ನುವವರು ಡಿಸೆಂಬರ್ ತಿಂಗಳಲ್ಲಿ ಬೆಳಗಿನ ಮೊದಲ ಬಸ್ಸಿನ ಕಿಟಕಿ ಪಕ್ಕ ಒಮ್ಮೆ ಕುಳಿತು ನೋಡಬೇಕು.

ನಾನಿಯ ಹತ್ತಿರ ಒಂದು ಹಳೆಯ ಕ್ರೋಶಾ ಶಾಲು ಇತ್ತು. ಮದುವೆಗೆ ಮುಂಚೆ ಅವರೇ ಹಾಕಿದ್ದು. ಮೂರು ಮೂಲೆಯದು, ಹಾಲಿನ ಕೆನೆಯ ಬಣ್ಣ. ಫಜರ್ ನಮಾಜಿಗೆ ಎದ್ದರೆ ಅದನ್ನೇ ಹೊದೆಯುತ್ತಿದ್ದರು. ಹೋದ ವರ್ಷ ಅದು ಹರಿದು ಕೈಗೆ ಬಂತು. ಹೊಸದು ಹಾಕಿಕೊಳ್ಳೋಣವೆಂದರೆ ಎರಡೂ ಕಣ್ಣಿಗೆ ಪೊರೆ. "ನಾನು ಹಾಕಿಕೊಡ್ತೀನಿ ನಾನಿ, ಆಪರೇಷನ್ ಆಗೋದ್ರೊಳಗೆ" ಎಂದು ದೊಡ್ಡದಾಗಿ ಮಾತು ಕೊಟ್ಟೆ. ಆಗ ನನಗೆ ಗೊತ್ತಿದ್ದದ್ದು ಸೀರೆ ಕುಚ್ಚು ಮಾತ್ರ.

ಸೀರೆ ಕುಚ್ಚು ಕಟ್ಟುವವರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇದ್ದೀರಿ. ನಿಮಗೆ ಚೈನ್ ಮತ್ತು ಕಂಬ ಬಂದರೆ ಈ ಶಾಲು ಬಂದ ಹಾಗೆಯೇ. ಆದರೆ ಕುಚ್ಚಿನ ಸಣ್ಣ ಕಡ್ಡಿ ಇದಕ್ಕೆ ಆಗುವುದಿಲ್ಲ. 4 ಅಥವಾ 4.5 ಮಿ.ಮೀ. ಕಡ್ಡಿ ಬೇಕು. ನೂಲು ಮಧ್ಯಮ ದಪ್ಪದ್ದಿರಲಿ. ಉಣ್ಣೆಯಂತಿರುವ ಅಕ್ರಿಲಿಕ್ ಬೆಚ್ಚಗಿರುತ್ತದೆ. ಬೇಸಿಗೆಯಲ್ಲೂ ಹೊದೆಯುವ ಆಸೆ ಇದ್ದರೆ ಹತ್ತಿ ನೂಲು ತೆಗೆದುಕೊಳ್ಳಿ. ಕಪ್ಪು ನೂಲು ಮೊದಲ ಸಲಕ್ಕೆ ಬೇಡವೇ ಬೇಡ, ಹೊಲಿಗೆ ಕಾಣುವುದಿಲ್ಲ.

ಹೊಸಬರಿಗಾಗಿ ಕಂಬ ಹಾಕುವುದು ಹೇಗೆಂದು ಹೇಳುತ್ತೇನೆ. ಕಡ್ಡಿಯ ಮೇಲೆ ಒಂದು ಕುಣಿಕೆ ಇರುತ್ತದೆ. ನೂಲನ್ನು ಕಡ್ಡಿಗೆ ಒಂದು ಸುತ್ತು ಹಾಕಿ ಕಿಂಡಿಯೊಳಗೆ ತೂರಿಸಿ, ನೂಲು ಹಿಡಿದು ಈಚೆಗೆ ಎಳೆಯಿರಿ. ಈಗ ಕಡ್ಡಿಯಲ್ಲಿ 3 ಕುಣಿಕೆ. ಮತ್ತೆ ನೂಲು ಹಿಡಿದು 2 ಕುಣಿಕೆಯೊಳಗಿಂದ ಎಳೆಯಿರಿ, ಇನ್ನೊಮ್ಮೆ ಹಿಡಿದು ಉಳಿದ 2 ಕುಣಿಕೆಯೊಳಗಿಂದ ಎಳೆಯಿರಿ. ಒಂದು ಕಂಬ ಆಯಿತು. ವಿಡಿಯೋ ನೋಡಿ ಕಲಿಯುವವರು ಒಂದು ಎಚ್ಚರ ವಹಿಸಬೇಕು: ಇದನ್ನು ಅಮೆರಿಕದವರು ಡಬಲ್ ಕ್ರೋಶೆ ಎನ್ನುತ್ತಾರೆ, ಇಂಗ್ಲೆಂಡಿನವರು ಟ್ರೆಬಲ್ ಎನ್ನುತ್ತಾರೆ. ಇಂಗ್ಲೆಂಡಿನವರ ಡಬಲ್ ಎಂದರೆ ಬೇರೆಯೇ, ಗಿಡ್ಡ ಹೊಲಿಗೆ. ಇದು ತಿಳಿಯದೆ ನಾನು ಎರಡು ಸಂಜೆ ಹಾಳು ಮಾಡಿಕೊಂಡೆ.

ಶಾಲು ಶುರುವಾಗುವುದು ಮೇಲಿನ ಅಂಚಿನ ನಡುವಿನಿಂದ, ಅಂದರೆ ಕುತ್ತಿಗೆಯ ಹಿಂಭಾಗದಿಂದ. 4 ಚೈನ್ ಹಾಕಿ ತುದಿ ಕೂಡಿಸಿ ಸಣ್ಣ ಉಂಗುರ ಮಾಡಿ. ಮೊದಲ ಸಾಲಿಗೆ ಮತ್ತೆ 4 ಚೈನ್ ಹಾಕಿ. ಇದರಲ್ಲಿ 3 ಚೈನ್ ಒಂದು ಕಂಬಕ್ಕೆ ಸಮ, ಉಳಿದ 1 ಚೈನ್ ಕಿಂಡಿ. ಆಮೇಲೆ ಉಂಗುರದೊಳಗೆ 3 ಕಂಬ, 2 ಚೈನ್, 3 ಕಂಬ, 1 ಚೈನ್, ಕೊನೆಗೆ 1 ಕಂಬ. ಹೀಗೆ ಒಟ್ಟಿಗಿರುವ 3 ಕಂಬಕ್ಕೆ ನಾನಿ ಗೊಂಚಲು ಎನ್ನುತ್ತಾರೆ. ನಡುವಿನ 2 ಚೈನ್ ಇದೆಯಲ್ಲ, ಅದೇ ಶಾಲಿನ ಕೆಳಗಿನ ಮೂಲೆ.

ಕೆಲಸ ತಿರುಗಿಸಿ ಎರಡನೇ ಸಾಲು ಹಾಕಿ. 4 ಚೈನ್, ಅಂಚಿನ ಮೊದಲ ಕಿಂಡಿಯಲ್ಲಿ ಒಂದು ಗೊಂಚಲು, 1 ಚೈನ್. ನಡುವಿನ ಕಿಂಡಿಯಲ್ಲಿ ಒಂದು ಗೊಂಚಲು, 2 ಚೈನ್, ಇನ್ನೊಂದು ಗೊಂಚಲು. ಮತ್ತೆ 1 ಚೈನ್, ಕೊನೆಯ ಕಿಂಡಿಯಲ್ಲಿ ಒಂದು ಗೊಂಚಲು, 1 ಚೈನ್. ಕೊನೆಗೆ, ಹಿಂದಿನ ಸಾಲಿನ ಆರಂಭದ 4 ಚೈನ್‌ಗಳಲ್ಲಿ ಮೂರನೆಯದಕ್ಕೆ 1 ಕಂಬ. ಮುಂದಿನ ಸಾಲುಗಳೆಲ್ಲ ಹೀಗೆಯೇ: ಪ್ರತಿ ಕಿಂಡಿಗೆ ಒಂದು ಗೊಂಚಲು, ಗೊಂಚಲುಗಳ ನಡುವೆ 1 ಚೈನ್, ನಡುವಿನ ಮೂಲೆಯಲ್ಲಿ ಮಾತ್ರ ಎರಡು ಗೊಂಚಲು.

ಈ ನಮೂನೆ ಹಳೆಯದು. ಇದೇ ಗೊಂಚಲುಗಳ ಚೌಕವನ್ನು ಇಂಗ್ಲಿಷಿನಲ್ಲೂ ಅಜ್ಜಿಯ ಹೆಸರಿನಲ್ಲೇ ಗ್ರ್ಯಾನಿ ಸ್ಕ್ವೇರ್ ಎಂದು ಕರೆಯುತ್ತಾರೆ. 1885ರಲ್ಲೇ ಅಮೆರಿಕದ 'ಪ್ರೈರೀ ಫಾರ್ಮರ್' ಪತ್ರಿಕೆಯಲ್ಲಿ ಅದು ಅಚ್ಚಾಗಿತ್ತು. ನಮ್ಮ ಶಾಲು ಆ ಚೌಕದ ಅರ್ಧ. ನಮ್ಮ ಕಡೆ ಕ್ರೋಶಾ ಎಂದರೆ ಜಾಲಿ ಟೋಪಿ, ಬಾಗಿಲ ತೋರಣ, ಟಿ.ವಿ. ಕವರ್. (ನಾನಿಯ ಮನೆಯಲ್ಲಿ ಟಿ.ವಿ. ಗೋಡೆಗೆ ಹೋಗಿ ವರ್ಷಗಳಾದವು, ಕವರ್ ಮಾತ್ರ ಇನ್ನೂ ಇದೆ.) ಪಕ್ಕದ ಆಂಧ್ರದ ನರಸಾಪುರದಲ್ಲಿ ಹೆಂಗಸರು 19ನೇ ಶತಮಾನದಿಂದ ಕ್ರೋಶಾ ಲೇಸ್ ಹಾಕುತ್ತಾ ಬಂದಿದ್ದಾರೆ. 2024ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು.

ಈಗ ಲೆಕ್ಕಕ್ಕೆ ಬರೋಣ, ನಾನು ಎಡವಿದ್ದು ಅಲ್ಲಿಯೇ. ನಾನಿಯ ಹಳೆಯ ಶಾಲಿನಲ್ಲಿ 50 ಸಾಲು ಇದ್ದವು. ನಾನು 50 ಗ್ರಾಂನ ಎರಡು ಉಂಡೆ ನೂಲು ತಂದೆ. ದಿನವೂ ಬಸ್ಸಿನಲ್ಲಿ ಹಾಕಿದೆ. 25ನೇ ಸಾಲಿಗೆ ಮೊದಲ ಉಂಡೆ ಮುಗಿಯಿತು. "ಅರ್ಧ ಶಾಲಿಗೆ ಒಂದು ಉಂಡೆ, ಇನ್ನರ್ಧಕ್ಕೆ ಇನ್ನೊಂದು, ಸರಿಹೋಯ್ತು ನೋಡಿ" ಎಂದು ನಾನಿಗೆ ಹೇಳಿದೆ. ನಾನಿ ನಕ್ಕರು. "ಕೊನೇ ಹದಿನೈದು ಸಾಲೇ ಅರ್ಧ ಶಾಲು ಬೇಟಾ, ಇನ್ನೂ ನೂಲು ತಂದಿಟ್ಟುಕೋ" ಎಂದರು. ವಯಸ್ಸಾದವರ ಮಾತು ಎಂದುಕೊಂಡು ಸುಮ್ಮನಾದೆ. 35ನೇ ಸಾಲಿನಲ್ಲಿ ಎರಡನೇ ಉಂಡೆ ಖಾಲಿ.

ಆ ರಾತ್ರಿ ಪೆನ್ನು ಹಿಡಿದು ಕುಳಿತೆ. ಮೊದಲ ಸಾಲಿನಲ್ಲಿ 2 ಗೊಂಚಲು, ಎರಡನೆಯದರಲ್ಲಿ 4, ಮೂರನೆಯದರಲ್ಲಿ 6. ಎಸ್ಸೆಸ್ಸೆಲ್ಸಿಯಲ್ಲಿ ಉರು ಹೊಡೆದ ಸಮಾಂತರ ಶ್ರೇಢಿ! ಸಾಲಿನ ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿದರೆ ಅಲ್ಲಿಯವರೆಗಿನ ಒಟ್ಟು ಗೊಂಚಲು ಸಿಗುತ್ತದೆ. 50 ಸಾಲಿಗೆ 50 × 51, ಅಂದರೆ 2,550. 25 ಸಾಲಿಗೆ 25 × 26, ಅಂದರೆ 650. ನಾನು ಅರ್ಧ ಎಂದುಕೊಂಡದ್ದು ಕಾಲು ಭಾಗ. 35 ಸಾಲಿಗೆ 1,260, ಅದು ಸರಿಸುಮಾರು ಅರ್ಧ. ಉಳಿದದ್ದು 15 ಸಾಲು. ನಾನಿ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು.

ಬಳ್ಳಾರಿಗೆ ಬಂದು ಅದೇ ಅಂಗಡಿಯಲ್ಲಿ ಅದೇ ಬಣ್ಣದ ಮೂರು ಉಂಡೆ ಕೊಂಡೆ. ಮನೆಗೆ ಹೋಗಿ ಪಕ್ಕದಲ್ಲಿಟ್ಟರೆ ಇದು ಸ್ವಲ್ಪ ಹಳದಿ. ಬಣ್ಣದ ನಂಬರ್ ಒಂದೇ ಆದರೂ ಲಾಟ್ ನಂಬರ್ ಬೇರೆ. ನೂಲನ್ನು ಒಂದೊಂದು ತಂಡವಾಗಿ ಬಣ್ಣಕ್ಕೆ ಅದ್ದುತ್ತಾರೆ, ತಂಡದಿಂದ ತಂಡಕ್ಕೆ ಛಾಯೆ ಬದಲಾಗುತ್ತದೆ. ಎರಡೂ ನಂಬರು ಉಂಡೆಯ ಚೀಟಿಯ ಮೇಲೆ ಇರುತ್ತವೆ. ಆದ್ದರಿಂದ ಒಂದೇ ಲಾಟ್‌ನ 5 ಉಂಡೆಯನ್ನು ಒಟ್ಟಿಗೇ ತನ್ನಿ, ಚೀಟಿ ಎಸೆಯಬೇಡಿ.

ನಾನು ಅತ್ತದ್ದು ನಿಜ. ಅಮ್ಮಿ ಫೋನಿನಲ್ಲಿ "ಬಿಚ್ಚು, ಕ್ರೋಶಾ ಬಿಚ್ಚೋಕೆ ಹೆದರಬಾರದು" ಎಂದರು. ಅದು ಸರಿ. ಸ್ವೆಟರ್ ಹೆಣಿಗೆಯಲ್ಲಿ ಕಡ್ಡಿ ಜಾರಿದರೆ ಹತ್ತಾರು ಕುಣಿಕೆ ಬಿಡುತ್ತವೆ. ಕ್ರೋಶಾದಲ್ಲಿ ಬಾಯಿ ತೆರೆದಿರುವ ಕುಣಿಕೆ ಒಂದೇ. ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಎಳೆದು ನಿಲ್ಲಿಸಬಹುದು. 29ನೇ ಸಾಲಿನವರೆಗೆ ಬಿಚ್ಚಿ, ಹೊಸ ನೂಲಿನಲ್ಲಿ 2 ಸಾಲು, ಹಳೆಯದರಲ್ಲಿ 2 ಸಾಲು ಹಾಕುತ್ತಾ ಹೋದೆ. ಎರಡೆರಡು ಸಾಲಾದರೆ ನೂಲು ಅದೇ ಅಂಚಿಗೆ ವಾಪಸ್ ಬರುವುದರಿಂದ ಕತ್ತರಿಸಬೇಕಿಲ್ಲ. 40ನೇ ಸಾಲಿಗೆ ಹಳೆಯ ನೂಲು ಮುಗಿಯಿತು. ಬಣ್ಣ ಥಟ್ಟನೆ ಬದಲಾಗದೆ ಮೆಲ್ಲಗೆ ಬೆರೆತಂತೆ ಕಂಡಿತು.

ಇನ್ನೊಂದು ತಪ್ಪನ್ನು ನೀವೂ ಮಾಡುತ್ತೀರಿ, ಎಲ್ಲರೂ ಮಾಡುತ್ತಾರೆ. ಅಂಚಿನ ಕೊನೆಯ ಕಿಂಡಿ ಕಣ್ಣಿಗೆ ಬೀಳುವುದಿಲ್ಲ, ಬಿಟ್ಟುಹೋಗುತ್ತದೆ. ಆಗ ಶಾಲಿನ ಒಂದು ರೆಕ್ಕೆ ಗಿಡ್ಡವಾಗುತ್ತದೆ. ಪರೀಕ್ಷೆ ಸುಲಭ: ಎಷ್ಟನೇ ಸಾಲೋ ಮೂಲೆಯ ಎರಡೂ ಕಡೆ ಅಷ್ಟೇ ಗೊಂಚಲು ಇರಬೇಕು. 18ನೇ ಸಾಲಿಗೆ ಆ ಕಡೆ 18, ಈ ಕಡೆ 18. ರಾತ್ರಿ ಊಟವಾದ ಮೇಲೆ ನಾನಿ ಶಾಲನ್ನು ತೊಡೆಯ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ, ಬೆರಳಿನಲ್ಲಿ ಅಂಚು ಸವರುತ್ತಿದ್ದರು. "ಇಲ್ಲಿ ಒಂದು ಬಿಟ್ಟಿದ್ದೀ" ಎಂದರೆ ಬಿಟ್ಟಿರುತ್ತಿದ್ದೆ. ಒಮ್ಮೆಯೂ ಅವರ ಬೆರಳು ತಪ್ಪಲಿಲ್ಲ.

ಮುಗಿದ ಮೇಲೆ ನೂಲಿನ ತುದಿಗಳನ್ನು ದಬ್ಬಣದಿಂದ ಗೊಂಚಲುಗಳ ಒಳಗೆ ಹಾಯಿಸಿ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ, ಚಾಪೆಯ ಮೇಲೆ ಮೂರು ಮೂಲೆ ಎಳೆದು ನೆರಳಿನಲ್ಲಿ ಒಣಗಿಸಿ. ಹಗ್ಗದ ಮೇಲೆ ಹಾಕಿದರೆ ಜೋತುಬೀಳುತ್ತದೆ. ಅಕ್ರಿಲಿಕ್‌ಗೆ ಇಸ್ತ್ರಿ ಮುಟ್ಟಿಸಬೇಡಿ. ನನ್ನದು ಮೇಲಿನ ಅಂಚಿನಲ್ಲಿ ನಾಲ್ಕೂವರೆ ಅಡಿ ಬಂತು.

ಮಾತು ಕೊಟ್ಟ ದಿನಕ್ಕೆ ಆಗಲಿಲ್ಲ. ಒಂದು ಕಣ್ಣಿನ ಆಪರೇಷನ್ ಆಗಿ ನಾನಿ ಮನೆಗೆ ಬಂದ ಮೂರನೇ ದಿನ ಶಾಲು ಹೊದಿಸಿದೆ. ಕಪ್ಪು ಕನ್ನಡಕ ಸ್ವಲ್ಪ ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿದರು. ನಾನು ಉಸಿರು ಬಿಗಿಹಿಡಿದಿದ್ದೆ.

"ಎರಡು ಥರದ ನೂಲು ಹಾಕಿದ್ದೀಯಲ್ಲ" ಎಂದರು ನಾನಿ. "ಬೆರಳಿಗೆ ಗೊತ್ತೇ ಆಗಲಿಲ್ಲ ನೋಡು."