ಬೇಲಿಯೇ ಹೊಲ ಮೇಯ್ದರೆ? ಕರ್ನಲ್ ಮೇಲೂ ಇರಲಿ ಒಂದು ಕಣ್ಣು

2005ರಲ್ಲಿ ಸೋನಿ ಬಿಎಂಜಿಯ ಕೆಲವು ಸಂಗೀತ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಹಾಕಿದವರಿಗೆ ಹಾಡಿನ ಜೊತೆ ರೂಟ್‌ಕಿಟ್ ಎಂಬ ಅಡಗುವ ತಂತ್ರಾಂಶವೂ ಬಂತು. ತನ್ನ ಫೈಲ್‌ಗಳು ಯಾರ ಕಣ್ಣಿಗೂ ಬೀಳದಂತೆ ಅದು ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲೇ ಕೈಯಾಡಿಸಿತ್ತು. ವಿಂಡೋಸ್ ತೋರಿಸುವ ಪಟ್ಟಿಯನ್ನು ಡಿಸ್ಕ್‌ನಲ್ಲಿ ನಿಜಕ್ಕೂ ಇರುವುದರ ಜೊತೆ ತಾಳೆ ಹಾಕುವ ತಂತ್ರಾಂಶದಿಂದ ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಅದನ್ನು ಹಿಡಿದರು.

ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲದರ ಯಜಮಾನಿಕೆ ಕರ್ನಲ್‌ನದು. ಸಾಧನಗಳನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ವೇಷದಲ್ಲಿ ಕಳ್ಳ ಅಲ್ಲಿಗೆ ಹೊಕ್ಕರೆ ಟಾಸ್ಕ್ ಮ್ಯಾನೇಜರ್ ಕೂಡ ಸುಳ್ಳು ಹೇಳಬಹುದು. ಹಾಗಾಗಿ ಒಂದೇ ಸಾಕ್ಷಿಯನ್ನು ನಂಬದೆ ಹೀಗೆ ಪರೀಕ್ಷಿಸಿ.

1. ಬಾಗಿಲು ನೋಡಿ: ‘ಸಿಸ್ಟಂ ಇನ್ಫರ್ಮೇಶನ್’ ತೆರೆದು, ‘ಸೆಕ್ಯೂರ್ ಬೂಟ್ ಸ್ಟೇಟ್’ ಎದುರು ‘ಆನ್’ ಇದೆಯೇ ನೋಡಿ.

2. ಕಾವಲು ಹಾಕಿ: ‘ವಿಂಡೋಸ್ ಸೆಕ್ಯುರಿಟಿ’ಯ ‘ಡಿವೈಸ್ ಸೆಕ್ಯುರಿಟಿ’ಯಲ್ಲಿ ‘ಕೋರ್ ಐಸೊಲೇಶನ್’ಗೆ ಹೋಗಿ, ‘ಮೆಮೊರಿ ಇಂಟೆಗ್ರಿಟಿ’ ಆನ್ ಮಾಡಿ. ಹೊಂದದ ಹಳೆಯ ಡ್ರೈವರ್‌ಗಳಿದ್ದರೆ ಅವುಗಳ ಹೆಸರನ್ನು ಅದೇ ಹೇಳುತ್ತದೆ. ಡಿಜಿಟಲ್ ಸಹಿಯಿರುವ, ಆದರೆ ದೋಷವುಳ್ಳ ಡ್ರೈವರನ್ನೇ ದಾಳಿಕೋರರು ಹೊತ್ತು ತರುವುದುಂಟು. ಆದ್ದರಿಂದ ಅಲ್ಲೇ ಇರುವ ಡ್ರೈವರ್ ಬ್ಲಾಕ್‌ಲಿಸ್ಟ್ ಕೂಡ ಆನ್ ಇರಲಿ.

3. ದಿನಚರಿ ಓದಿ: ‘ಈವೆಂಟ್ ವ್ಯೂವರ್’ನ ‘ಸಿಸ್ಟಂ’ ಲಾಗ್‌ನಲ್ಲಿ 7045 ಸಂಖ್ಯೆಯ ನಮೂದುಗಳನ್ನಷ್ಟೇ ಸೋಸಿ. ಹೊಸ ಸೇವೆ ಅಥವಾ ಡ್ರೈವರ್ ಸೇರಿದಾಗ ಬೀಳುವ ದಾಖಲೆ ಇದು. ‘ಕರ್ನಲ್ ಮೋಡ್ ಡ್ರೈವರ್’ ಎಂದಿದ್ದರೆ ಫೈಲ್ ಎಲ್ಲಿದೆ, ಯಾವಾಗ ಸೇರಿದೆ ಗಮನಿಸಿ. ಪ್ರಿಂಟರ್ ಜೋಡಿಸಿದ ದಿನದ್ದಾದರೆ ಸಹಜ. ನೀವೇನೂ ಹಾಕದ ದಿನ, ‘ಟೆಂಪ್’ ಅಥವಾ ‘ಡೌನ್‌ಲೋಡ್ಸ್’ ಫೋಲ್ಡರಿನಿಂದ ಬಂದಿದ್ದರೆ ಅನುಮಾನಿಸಿ. ಆಂಟಿವೈರಸ್, ಗೇಮ್‌ಗಳೂ ಡ್ರೈವರ್ ಹಾಕುತ್ತವೆ. ತಕ್ಷಣ ಗಾಬರಿ ಬೇಡ.

4. ಹೊರಗಿನಿಂದ ಇಣುಕಿ: ತೆರೆದ ಕೆಲಸವನ್ನೆಲ್ಲ ಸೇವ್ ಮಾಡಿ, ‘ವಿಂಡೋಸ್ ಸೆಕ್ಯುರಿಟಿ’ಯ ‘ಸ್ಕ್ಯಾನ್ ಆಪ್ಶನ್ಸ್’ನಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ಕಳ್ಳ ಎಚ್ಚರಗೊಳ್ಳುವ ಮುಂಚೆಯೇ ಮನೆ ಜಾಲಾಡಿದಂತೆ.

5. ಅನುಮಾನ ಗಟ್ಟಿಯಾದರೆ: ಮೊದಲು ಇಂಟರ್‌ನೆಟ್ ಕಡಿಯಿರಿ. ಡ್ರೈವರ್ ಫೈಲನ್ನು ಕೈಯಾರೆ ಅಳಿಸಬೇಡಿ, ಕಂಪ್ಯೂಟರ್ ಏಳದೇ ಹೋಗಬಹುದು. ದಾಖಲೆ, ಫೋಟೊಗಳನ್ನಷ್ಟೇ ಬ್ಯಾಕಪ್ ಮಾಡಿ. ಬೇರೆ ಕಂಪ್ಯೂಟರಿನಲ್ಲಿ ತಯಾರಿಸಿದ ಪೆನ್‌ಡ್ರೈವ್‌ನಿಂದ ವಿಂಡೋಸನ್ನು ಹೊಸದಾಗಿ ಹಾಕಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಆ ಬೇರೆ ಕಂಪ್ಯೂಟರಿನಿಂದಲೇ ಬದಲಿಸಿ.

ಕಂಪ್ಯೂಟರ್ ಚೆನ್ನಾಗಿರುವಾಗಲೇ 7045ರ ಪಟ್ಟಿಯ ಫೋಟೊ ಒಂದನ್ನು ಮೊಬೈಲಿನಲ್ಲಿ ತೆಗೆದಿಡಿ. ಮುಂದೊಮ್ಮೆ ತಾಳೆ ನೋಡಲು ಹೊರಗಿನ ಸಾಕ್ಷಿ ಅದೇ.