ಜ್ಯೂರಿಯ ಮುಂದೆ ನಿಂತ ನೇಕಾರರ ಮಗಳಿಗೆ

ಪ್ರಶ್ನೆ: ನಾನು ರಾಮದುರ್ಗದವಳು. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಅಪ್ಪ, ಅವ್ವ ಇಬ್ಬರೂ ಸೀರೆ ನೇಯುತ್ತಾರೆ. ಸಾಲ ಮಾಡಿ ನನ್ನನ್ನು ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದಲು ಹಾಕಿದ್ದಾರೆ. ಈಗ ಮೂರನೇ ವರ್ಷ. ನನ್ನ ಸ್ಕೆಚ್ ನೋಡಿದ ಮೇಡಂ, ‘ನೀಟಾಗಿದೆ, ಆದರೆ ಇದರಲ್ಲಿ ನೀನೆಲ್ಲಿ?’ ಎನ್ನುತ್ತಾರೆ. ಇಳಕಲ್ ಸೀರೆಯಿಂದ ಒಂದು ಜಾಕೆಟ್ ಮಾಡಿದರೆ, ‘ನಿಮ್ಮ ಕಡೆಯವರೆಲ್ಲ ಇದನ್ನೇ ಮಾಡ್ತೀರಿ’ ಎಂದರು. ಗೆಳತಿಯರು ತಮ್ಮ ಕಲೆಕ್ಷನ್ ಬಗ್ಗೆ ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡುತ್ತಾರೆ. ಅಪ್ಪ ನೇಕಾರ ಎಂದು ನಾನು ಯಾರಿಗೂ ಹೇಳಿಲ್ಲ, ‘ಬಟ್ಟೆ ವ್ಯಾಪಾರ’ ಅಂದಿದ್ದೇನೆ. ಸಣ್ಣವಳಿದ್ದಾಗ ಮಗ್ಗದ ಸದ್ದು ಬದಲಾದರೆ ಸಾಕು, ಎಳೆ ಹರಿದಿದೆ ಅಂತ ಮಲಗಿದಲ್ಲೇ ಗೊತ್ತಾಗುತ್ತಿತ್ತು. ಈಗ ಒಂದು ಸ್ವಂತ ಡಿಸೈನೂ ಹೊಳೆಯುತ್ತಿಲ್ಲ. ನಿದ್ದೆಯೂ ಬರುತ್ತಿಲ್ಲ. ಓದು ಬಿಟ್ಟು ಬರಲೇ?
— ಹೆಸರು ಬೇಡ

ಉತ್ತರ: ಸಾಲದ ದುಡ್ಡಿನಲ್ಲಿ ಓದುವ ಮಕ್ಕಳಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಕಡಿಮೆ. ಪಕ್ಕದ ಹುಡುಗಿಗೆ ಕೆಟ್ಟುಹೋದ ಪ್ರಯೋಗ ಬರೀ ಪ್ರಯೋಗ. ನಿಮಗೆ ಅದು ಅಪ್ಪ ಕಟ್ಟಿದ ಒಂದು ಕಂತು. ಆ ಭಾರ ಹೊತ್ತು, ನಿಮ್ಮ ಕೆಲಸವನ್ನು ಅಳೆಯುವ ಜ್ಯೂರಿಯ ಮುಂದೆ ನಿಂತಾಗ ಕೈ ಬಿಗಿಯುವುದು, ತಪ್ಪಿಲ್ಲದ ನೀಟಾದ ಸ್ಕೆಚ್‌ಗಳೇ ಕೈಯಿಂದ ಹೊರಬರುವುದು ತೀರಾ ಸಹಜ. ನಿಮ್ಮಲ್ಲಿ ಪ್ರತಿಭೆ ಇಲ್ಲ ಎಂಬುದಕ್ಕೆ ಇದು ಸಾಕ್ಷಿಯಲ್ಲ. ಅಪ್ಪನ ಕಸುಬನ್ನು ಮುಚ್ಚಿಟ್ಟಿದ್ದಕ್ಕೂ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಹೊಸ ಊರಿನಲ್ಲಿ ನಗೆಪಾಟಲಾಗಬಾರದೆಂದು ಮನಸ್ಸು ಇಂಥ ಗೋಡೆಗಳನ್ನು ಕಟ್ಟಿಕೊಳ್ಳುತ್ತದೆ.

ಆದರೆ ಆ ಗೋಡೆ ನಿಮ್ಮ ಕೆಲಸಕ್ಕೂ ಅಡ್ಡ ಬಂದಿದೆಯೇನೋ ಎಂದು ನನಗನ್ನಿಸುತ್ತದೆ. ಹೇಳಲು ಏನೂ ಇಲ್ಲದವರು ಮಗ್ಗದ ಸದ್ದಿನ ಬಗ್ಗೆ ಹಾಗೆ ಬರೆಯಲಾರರು. ಇಡೀ ಪತ್ರದಲ್ಲಿ ನೀವು ಅಂಜದೆ ಬರೆದ ಸಾಲು ಅದೊಂದೇ. ಹೇಳುವುದಕ್ಕೆ ನಿಮ್ಮಲ್ಲಿ ಬೇಕಾದಷ್ಟಿದೆ. ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅದರ ಮೇಲೆ ಕೂತಿದೆ.

ಜಾಕೆಟ್ ಬಗ್ಗೆ ಆಡಿದ ಮಾತು ಒರಟಾಗಿತ್ತು, ನಿಜ. ಆದರೂ ಅದರೊಳಗೆ ಒಂದು ಪ್ರಶ್ನೆ ಇದ್ದಿರಬಹುದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಬಟ್ಟೆ ಕತ್ತರಿಸುವಾಗ ಆ ಕೊಂಡಿಯನ್ನು ಎಲ್ಲಿಗೆ ತಂದಿರಿ? ಹೊಲಿಗೆಯೊಳಗೆ ಮುಚ್ಚಿಹೋಯಿತೇ, ಬೆನ್ನ ಮೇಲೆ ಕಾಣುವಂತಿತ್ತೇ? ಇಳಕಲ್‌ನ ಟೋಪತೆನಿ ಸೆರಗನ್ನು ಎದ್ದು ಕಾಣುವಂತೆ ಇಟ್ಟರೆ ಅದು ಊರಿನ ಗುರುತಾಗುತ್ತದೆ, ಅಷ್ಟೇ. ಆ ಕೂಡುವ ಜಾಗವನ್ನು ಏನು ಮಾಡಲಿ ಎಂದು ನೀವು ತಲೆ ಕೆಡಿಸಿಕೊಂಡು ತೀರ್ಮಾನಿಸಿದರೆ, ಅದು ನಿಮ್ಮ ತೀರ್ಮಾನ. ‘ನೀನೆಲ್ಲಿ?’ ಎಂದು ಕೇಳುವವರು ಹುಡುಕುತ್ತಿರುವುದು ಇಂಥ ತೀರ್ಮಾನಗಳನ್ನೇ.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ನೆರೆಯ ಸವದತ್ತಿಯ ಎಲ್ಲಮ್ಮನಿಗೆ ಭಕ್ತರು ಅರ್ಪಿಸುತ್ತಿದ್ದ ಪಟ್ಟೇದ ಅಂಚು ಸೀರೆ ಬಳಕೆಯಿಂದ ಮರೆಯಾಗಿತ್ತು. ಜವಳಿ ವಿನ್ಯಾಸಕಿ ಹೇಮಲತಾ ಜೈನ್ ಅದರ ಹಳೆಯ ಮಾದರಿಯನ್ನು ಹುಡುಕಿ, ನೇಕಾರರ ಜೊತೆ ಕೂತು ಮತ್ತೆ ಮಗ್ಗಕ್ಕೆ ತಂದರು. ಅವರು ಮಾಡಿದ್ದನ್ನೇ ನೀವೂ ಮಾಡಿ ಎಂದು ಹೇಳುತ್ತಿಲ್ಲ. ‘ಇದನ್ನು ಹೇಗೆ ನೇಯುತ್ತಿದ್ದರು?’ ಎಂಬ ಕುತೂಹಲದ ಬೆನ್ನು ಹತ್ತಿದವರ ಕೆಲಸಕ್ಕೆ ಅವರದೇ ಛಾಪು ತಾನಾಗಿ ಬಂತು, ಅದನ್ನು ನೋಡಿ. ಇನ್ನು ಅವಸರದ ಮಾತು. ಜಪಾನಿನ ವಿನ್ಯಾಸಕ ಇಸ್ಸೆ ಮಿಯಾಕೆ ತಮ್ಮ ಸ್ಟುಡಿಯೋ ತೆರೆದದ್ದು 1970ರಲ್ಲಿ. ಇವತ್ತು ಅವರ ಹೆಸರು ಹೇಳಿದ ಕೂಡಲೇ ಕಣ್ಣಿಗೆ ಬರುವ ನೆರಿಗೆಯ ಉಡುಪು ‘ಪ್ಲೀಟ್ಸ್ ಪ್ಲೀಸ್’ ಬಂದದ್ದು 1993ರಲ್ಲಿ. ಮೂರನೇ ವರ್ಷದ ಜ್ಯೂರಿಯೊಳಗೆ ಎಲ್ಲವೂ ಸಿಕ್ಕಿಬಿಡಬೇಕೆಂಬ ಹಟ ಬೇಡ.

ಇನ್ನೊಂದು ಮಾತು. ನೇಕಾರರ ಮನೆಯಲ್ಲಿ ಹುಟ್ಟಿದ್ದಕ್ಕೆ ಜೀವನವಿಡೀ ಇಳಕಲ್ಲನ್ನೇ ಹೊತ್ತು ತಿರುಗಬೇಕೆಂಬ ಕರಾರೇನೂ ಇಲ್ಲ. ಡೆನಿಮ್, ಮಳೆಗಾಲದ ಕೋಟು, ಶಾಲೆಯ ಯೂನಿಫಾರ್ಮ್, ನಿಮಗೆ ಯಾವುದು ಹಿಡಿಸುತ್ತದೋ ಅದನ್ನೇ ಮಾಡಿ. ಸದ್ದಿನಲ್ಲೇ ಹರಿದ ಎಳೆಯನ್ನು ಗುರುತಿಸಿದ ಕಿವಿ ಅಲ್ಲಿಗೂ ನಿಮ್ಮ ಜೊತೆ ಬರುತ್ತದೆ.

ಸದ್ಯಕ್ಕೆ, ಕೆಲಸ ಶುರುಮಾಡುವಾಗ ಫೋನ್ ಪಕ್ಕಕ್ಕಿಡಿ. ಬೇರೆಯವರ ಚಿತ್ರಗಳನ್ನು ನೋಡಿ ಮೂಡ್ ಬೋರ್ಡ್ ತುಂಬಿಸುವ ಮೊದಲು ಬಟ್ಟೆಯನ್ನು ಕೈಗೆ ತೆಗೆದುಕೊಂಡು ಮಡಚಿ, ಸುತ್ತಿ, ಹರಿದು ನೋಡಿ. ಏನು ಇಷ್ಟವಾಯಿತು, ಯಾವುದು ಕಿರಿಕಿರಿ ಎನಿಸಿತು ಎಂದು ಕನ್ನಡದಲ್ಲೇ, ನಿಮ್ಮ ರಾಮದುರ್ಗದ ಮಾತಿನಲ್ಲೇ ಬರೆದಿಡಿ. ಜ್ಯೂರಿಗೆ ಬೇಕಾದ ಇಂಗ್ಲಿಷನ್ನು ಆಮೇಲೆ ಒಬ್ಬ ಗೆಳತಿಯ ಜೊತೆ ಕೂತು ಮಾಡಿಕೊಳ್ಳಬಹುದು. ಯೋಚನೆ ಗಟ್ಟಿಯಿದ್ದರೆ ಸರಳ ವಾಕ್ಯಗಳೇ ಸಾಕು. ನಿಮಗೆ ಸ್ವಲ್ಪ ಹತ್ತಿರವೆನಿಸುವ ಅಧ್ಯಾಪಕರೊಬ್ಬರ ಬಳಿ ಹೋಗಿ, ‘ನನ್ನ ಹಳೆಯ ಕೆಲಸದಲ್ಲಿ ನಾನು ಕಾಣಿಸಿದ ಜಾಗ ಯಾವುದಾದರೂ ಇದೆಯೇ? ತೋರಿಸಿ’ ಎಂದು ನೇರವಾಗಿ ಕೇಳಿ. ‘ನೀನೆಲ್ಲಿ?’ ಎಂಬ ಪ್ರಶ್ನೆಯಷ್ಟೇ ಕೈಗಿತ್ತರೆ ವಿದ್ಯಾರ್ಥಿ ಏನು ಮಾಡಬೇಕು? ಈ ಅಂಕಣ ಓದುವ ಅಧ್ಯಾಪಕರಲ್ಲೂ ನನ್ನ ಕೋರಿಕೆ ಇದು: ಎಲ್ಲಿ ಎಂದು ಬೆರಳಿಟ್ಟು ತೋರಿಸಿ.

ಅಪ್ಪನ ವಿಷಯವನ್ನು ಇಡೀ ತರಗತಿಗೆ ಸಾರುವುದು ಬೇಡ. ನಂಬುವ ಒಬ್ಬಳಿಗೆ ಹೇಳಿ, ಎದೆ ಎಷ್ಟು ಹಗುರಾಗುತ್ತದೆ ನೋಡಿ. ರಜೆಗೆ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು ಕೇಳಿ: ಈ ದಡಿಗೆ ಈ ಬಣ್ಣವನ್ನು ಯಾರು ಆರಿಸುತ್ತಾರೆ, ನಿಮಗೇ ಆರಿಸಲು ಬಿಟ್ಟರೆ ಯಾವುದನ್ನು ಹಾಕುತ್ತೀರಿ? ಈ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.

ನಿದ್ದೆಯ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲೇಜಿನಲ್ಲಿ ಆಪ್ತಸಮಾಲೋಚಕರಿದ್ದರೆ ಈ ವಾರವೇ ಭೇಟಿಯಾಗಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಎನಿಸುವಂಥ ಯೋಚನೆ ಸುಳಿದರೆ ಒಂದು ಗಳಿಗೆಯೂ ಕಾಯದೆ ಕರೆ ಮಾಡಿ, ಹತ್ತಿರದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಓದು ಬಿಡುವ ತೀರ್ಮಾನವನ್ನು ನಿದ್ದೆಗೆಟ್ಟ ರಾತ್ರಿಗಳಲ್ಲಿ ಮಾಡಬೇಡಿ. ಈ ಸೆಮಿಸ್ಟರ್ ಮುಗಿಯಲಿ, ಊರಿಗೆ ಹೋಗಿ ನಾಲ್ಕು ದಿನ ಇದ್ದು ಬನ್ನಿ. ಆಮೇಲೂ ಬಿಡಬೇಕೆಂದೇ ಅನ್ನಿಸಿದರೆ ನನಗೆ ಬರೆಯಿರಿ. ಮುಂದೇನು ಮಾಡಬಹುದು, ಅಪ್ಪನಿಗೆ ಹೇಗೆ ಹೇಳುವುದು ಎಂದು ಒಟ್ಟಿಗೆ ಯೋಚಿಸೋಣ.